ಇಂಗ್ಲೆಂಡಿನ ಬೆಲೆ, ಜರ್ಮನಿಯ ಸರದಿ: ಫುಟ್‌ಬಾಲ್ ಪಂದ್ಯದ ಟಿಕೆಟ್ಟನ್ನು ಎಲ್ಲಿ, ಹೇಗೆ ಆರಿಸಿಕೊಳ್ಳುವುದು?

2016ರ ಫೆಬ್ರುವರಿ 6ರಂದು ಆನ್‌ಫೀಲ್ಡ್‌ ಮೈದಾನದಲ್ಲಿ ಲಿವರ್‌ಪೂಲ್ ತಂಡವು ಸಂಡರ್‌ಲ್ಯಾಂಡ್ ವಿರುದ್ಧ ಎರಡು ಗೋಲುಗಳಿಂದ ಮುಂದಿತ್ತು. ಆಟದ 77ನೇ ನಿಮಿಷಕ್ಕೆ ಸರಿಯಾಗಿ ಸಾವಿರಾರು ಪ್ರೇಕ್ಷಕರು ತಮ್ಮ ಆಸನಗಳಿಂದ ಎದ್ದು, ಆಟಕ್ಕೆ ಬೆನ್ನು ಹಾಕಿ, ಹೊರಗೆ ನಡೆದರು. ಮುಂದಿನ ಋತುವಿನ ಅತಿ ದುಬಾರಿ ಟಿಕೆಟ್ಟಿಗೆ 77 ಪೌಂಡ್ ನಿಗದಿ ಮಾಡಿದ್ದ ಕ್ಲಬ್ಬಿಗೆ ಅವರು ಕೊಟ್ಟ ಉತ್ತರ ಅದಾಗಿತ್ತು. ಅವರು ಹೋದ ಮೇಲೆ ಸಂಡರ್‌ಲ್ಯಾಂಡ್ ಎರಡು ಗೋಲು ಹೊಡೆದು ಪಂದ್ಯವನ್ನು ಸಮ ಮಾಡಿಕೊಂಡಿತು; ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಆ ಬೆಲೆಯನ್ನು ಹಿಂತೆಗೆದುಕೊಂಡರು. ಆ ಪಂದ್ಯವಾದ ಮೂರೇ ದಿನಕ್ಕೆ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕಪ್ ಪಂದ್ಯಕ್ಕೆಂದು ಬಂದಿದ್ದ ಡಾರ್ಟ್‌ಮುಂಡ್ ಅಭಿಮಾನಿಗಳು ಮೊದಲ ಇಪ್ಪತ್ತು ನಿಮಿಷ ಹೊರಗೇ ನಿಂತು, ಒಳಗೆ ಬಂದ ಮೇಲೆ ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದು ಆಟವನ್ನು ತಡೆದರು. ಅವರ ಸಿಟ್ಟೂ ಟಿಕೆಟ್ ಬೆಲೆಯ ಮೇಲೆಯೇ ಇತ್ತು.

ಎರಡೂ ಕಡೆ ಕೂಗು ಒಂದೇ ಆಗಿದ್ದರೂ ಎರಡು ದೇಶಗಳ ಟಿಕೆಟ್ ವ್ಯವಸ್ಥೆ ಒಂದೇ ಅಲ್ಲ. ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳಲ್ಲಿ ಹಣವೇ ಮೊದಲ ಬಾಗಿಲು. ಜರ್ಮನಿಯಲ್ಲಿ ಬೆಲೆ ಕೈಗೆಟುಕುತ್ತದೆ, ಆದರೆ ಸರದಿ ಉದ್ದ. ಟಿಕೆಟ್ ಹೋಲಿಕೆ ಎಂದರೆ ಬರೀ ಮುಖಬೆಲೆಗಳನ್ನು ಪಕ್ಕಪಕ್ಕದಲ್ಲಿ ಬರೆದು ಕಡಿಮೆಯಿದ್ದದ್ದಕ್ಕೆ ಗುರುತು ಹಾಕುವುದಲ್ಲ, ಯಾವ ಊರಿನಲ್ಲಿ ನಾವು ಏನನ್ನು ಕೊಡಬೇಕಾಗುತ್ತದೆ ಎಂದು ನೋಡುವುದು ಎಂಬುದು ಇಂಗ್ಲೆಂಡಿನಲ್ಲಿ ಕೆಲವು ವರ್ಷ ಇದ್ದು ಆಗಾಗ ಜರ್ಮನಿಗೆ ಹೋಗಿಬಂದ ನನ್ನ ಅನಿಸಿಕೆ. ಕೆಲವು ಕಡೆ ದುಡ್ಡು, ಕೆಲವು ಕಡೆ ಕಾಯುವ ವರ್ಷಗಳು, ಭಾರತದ ಪಾಸ್‌ಪೋರ್ಟ್ ಇರುವ ನಮ್ಮಂಥವರಿಗೆ ಇವೆರಡರ ಜೊತೆಗೆ ವೀಸಾ. ಲೆಕ್ಕದ ಅನುಕೂಲಕ್ಕಾಗಿ ಇಲ್ಲಿ ಪೌಂಡಿಗೆ 115 ರೂಪಾಯಿ, ಯೂರೋಗೆ 100 ರೂಪಾಯಿ ಎಂದು ಹಿಡಿದಿದ್ದೇನೆ. ವಿನಿಮಯ ದರ ಏರಿಳಿದಂತೆ ಓದುಗರು ಹೊಂದಿಸಿಕೊಳ್ಳಬೇಕು.

ಇಂಗ್ಲೆಂಡಿನ ಮೇಲಿನ ದರ್ಜೆ

1989ರಲ್ಲಿ ಲಿವರ್‌ಪೂಲಿನ ಪ್ರಸಿದ್ಧ ಕಾಪ್ ಗ್ಯಾಲರಿಯಲ್ಲಿ ನಿಂತು ಆಟ ನೋಡಲು 4 ಪೌಂಡ್ ಸಾಕಿತ್ತು. ಅದೇ ವರ್ಷದ ಏಪ್ರಿಲ್ 15ರಂದು ಹಿಲ್ಸ್‌ಬರೋ ದುರಂತ ನಡೆಯಿತು. ನೂಕುನುಗ್ಗಲಿಗೆ ಸಿಕ್ಕಿ ಸತ್ತ ಲಿವರ್‌ಪೂಲ್ ಅಭಿಮಾನಿಗಳ ಸಂಖ್ಯೆ ಕಡೆಗೆ 97ಕ್ಕೆ ಏರಿತು. ಆ ದುರಂತದ ತನಿಖೆ ನಡೆಸಿ 1990ರಲ್ಲಿ ಬಂದ ಟೇಲರ್ ವರದಿಯು ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಆಸನ ಇರಬೇಕೆಂದು ಶಿಫಾರಸು ಮಾಡಿತು. ಆಸನ ಹಾಕಿದ ಮಾತ್ರಕ್ಕೆ ನಿಂತು ನೋಡುತ್ತಿದ್ದವರ ಕೈಗೆ ಟಿಕೆಟ್ ಎಟುಕದಂತೆ ಆಗಬೇಕಿಲ್ಲ ಎಂದೂ ಅದೇ ವರದಿ ಹೇಳಿತ್ತು. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಆಸನಕ್ಕೆ ಆಗ 6 ಪೌಂಡ್ ಇದ್ದುದನ್ನು ಉದಾಹರಿಸಿತ್ತು. ಕ್ಲಬ್ಬುಗಳು ವರದಿಯ ಮೊದಲ ಭಾಗವನ್ನು ಪಾಲಿಸಿ ಎರಡನೆಯದನ್ನು ಮರೆತವು. 1992ರಲ್ಲಿ ದೇಶದ ಅಗ್ರ ದರ್ಜೆಯಾಗಿ ಪ್ರೀಮಿಯರ್ ಲೀಗ್ ಹುಟ್ಟಿ, ಟಿವಿ ಹಣ ಹರಿದುಬಂದ ಮೇಲೂ ಟಿಕೆಟ್ ಬೆಲೆ ಇಳಿಯಲಿಲ್ಲ. 2025ರಿಂದ ನಾಲ್ಕು ಋತುಗಳ ದೇಶೀ ಪ್ರಸಾರ ಹಕ್ಕುಗಳಿಂದಲೇ ಲೀಗಿಗೆ 670 ಕೋಟಿ ಪೌಂಡ್ ಬರುತ್ತದೆ. ಇಷ್ಟು ವರಮಾನವಿರುವಾಗ ಬಾಗಿಲಲ್ಲಿ ಪ್ರತಿಯೊಬ್ಬರಿಂದ ಇನ್ನೂ ಐದು ಪೌಂಡ್ ಕಿತ್ತುಕೊಳ್ಳದಿದ್ದರೆ ತಂಡ ಕಟ್ಟಲಾಗದು ಎಂಬ ವಾದವನ್ನು ಒಪ್ಪುವುದು ನನಗೆ ಕಷ್ಟ.

ಇಂದಿನ ಸ್ಥಿತಿಯಲ್ಲಿ ಪ್ರೀಮಿಯರ್ ಲೀಗಿನ ಸಾಮಾನ್ಯ ಟಿಕೆಟ್ 35 ಪೌಂಡಿನಿಂದ 100 ಪೌಂಡಿನ ನಡುವೆ ಎಲ್ಲಿ ಬೇಕಾದರೂ ಇರಬಹುದು. ಬಹಳಷ್ಟು ಕ್ಲಬ್ಬುಗಳು ಎದುರಾಳಿಯನ್ನು ನೋಡಿ ಪಂದ್ಯಗಳಿಗೆ ದರ್ಜೆ ಕೊಡುತ್ತವೆ. ದೊಡ್ಡ ತಂಡ ಬಂದ ದಿನ ಅದೇ ಕುರ್ಚಿಗೆ ಹೆಚ್ಚು ಬೆಲೆ. ಲಿವರ್‌ಪೂಲ್ 2016ರ ಪ್ರತಿಭಟನೆಯ ನಂತರ ಈ ದರ್ಜೆಗಳನ್ನೇ ತೆಗೆದುಹಾಕಿತು. ಅಲ್ಲಿ ಯಾರ ವಿರುದ್ಧದ ಪಂದ್ಯವಾದರೂ ಕುರ್ಚಿಯ ಬೆಲೆ ಅಷ್ಟೇ, ಅತಿ ದುಬಾರಿಯದೂ 60 ಪೌಂಡಿನ ಆಸುಪಾಸಿನಲ್ಲಿ ನಿಂತಿದೆ. ಎದ್ದು ಹೋದವರು ಏನು ಗಳಿಸಿದರು ಎಂದು ಯಾರಾದರೂ ಕೇಳಿದರೆ ಈ ಒಂದು ಅಂಕಿ ಸಾಕು. ಇದಕ್ಕೆ ತದ್ವಿರುದ್ಧವಾಗಿ 2024ರ ನವೆಂಬರಿನಲ್ಲಿ, ಋತುವಿನ ನಡುವೆಯೇ, ಮ್ಯಾಂಚೆಸ್ಟರ್ ಯುನೈಟೆಡ್ ಉಳಿದ ಪಂದ್ಯಗಳ ಸದಸ್ಯ ಟಿಕೆಟ್ಟುಗಳಿಗೆಲ್ಲ 66 ಪೌಂಡ್ ಎಂದು ನಿಗದಿ ಮಾಡಿತು. ಮಕ್ಕಳಿಗೂ ಹಿರಿಯ ನಾಗರಿಕರಿಗೂ ಆಗ ರಿಯಾಯಿತಿ ಇರಲಿಲ್ಲ. ಗಂಡ, ಹೆಂಡತಿ, ಎರಡು ಮಕ್ಕಳು ಎಂದಾದರೆ 264 ಪೌಂಡ್, ಅಂದರೆ ಸುಮಾರು 30,000 ರೂಪಾಯಿ ಆಗುತ್ತಿತ್ತು. ಅದರಲ್ಲಿ ರೈಲಿನ ಖರ್ಚು ಸೇರಿಲ್ಲ.

ನೀವು ಇಂಗ್ಲೆಂಡಿನಲ್ಲೇ ನೆಲೆಸಿದ್ದು, ವರ್ಷಪೂರ್ತಿ ಒಂದೇ ತಂಡವನ್ನು ನೋಡುವ ಇಚ್ಛೆಯಿದ್ದರೆ, ಸೀಸನ್ ಟಿಕೆಟ್ಟಿನ ಲೆಕ್ಕವನ್ನು ಪಂದ್ಯವಾರು ಭಾಗಿಸಿ ನೋಡಿ. ಪ್ರೀಮಿಯರ್ ಲೀಗಿನಲ್ಲಿ ತವರಿನ ಪಂದ್ಯಗಳು 19. ವೆಸ್ಟ್ ಹ್ಯಾಮ್ 2016ರಲ್ಲಿ ಲಂಡನ್ ಸ್ಟೇಡಿಯಮ್‌ಗೆ ಸ್ಥಳಾಂತರವಾದಾಗ ಅಗ್ಗದ ಸೀಸನ್ ಟಿಕೆಟ್ 289 ಪೌಂಡ್ ಇತ್ತು, ಪಂದ್ಯಕ್ಕೆ ಹದಿನೈದು ಪೌಂಡ್ ಬಿದ್ದಂತಾಯಿತು. ಅದೇ ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಫುಲಮ್ ಕ್ಲಬ್ಬಿನ ಹೊಸ ರಿವರ್‌ಸೈಡ್ ಗ್ಯಾಲರಿಯಲ್ಲಿ ಕೆಲವು ಸೀಸನ್ ಟಿಕೆಟ್ಟುಗಳು 3,000 ಪೌಂಡ್ ಮುಟ್ಟಿವೆ. ಆರ್ಸೆನಲ್‌ನದು ಅಗ್ಗದ್ದೇ ಸಾವಿರ ಪೌಂಡ್ ದಾಟುತ್ತದೆ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ, ಆದರೆ ಆ ಕ್ಲಬ್ಬಿನ ಸೀಸನ್ ಟಿಕೆಟ್ಟಿನಲ್ಲಿ ಬಹಳ ವರ್ಷ ಲೀಗಿನ 19 ಪಂದ್ಯಗಳ ಜೊತೆಗೆ 7 ಕಪ್ ಪಂದ್ಯಗಳೂ ಸೇರಿರುತ್ತಿದ್ದವು. ಆದ್ದರಿಂದ ಎರಡು ಕ್ಲಬ್ಬುಗಳ ಸೀಸನ್ ಟಿಕೆಟ್ಟುಗಳನ್ನು ಹೋಲಿಸುವ ಮೊದಲು ಒಳಗೆ ಎಷ್ಟು ಪಂದ್ಯಗಳಿವೆ ಎಂದು ಎಣಿಸಿ. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಒಂದು ಮಾತು ಉಳಿಯುತ್ತದೆ: ದೊಡ್ಡ ಕ್ಲಬ್ಬುಗಳಲ್ಲಿ ಹಣ ಹಿಡಿದು ಹೋದರೂ ಸೀಸನ್ ಟಿಕೆಟ್ ಸಿಗುವುದಿಲ್ಲ, ಕಾಯುವವರ ಪಟ್ಟಿಗೆ ಹೆಸರು ಸೇರಿಸಿ ವರ್ಷಗಟ್ಟಲೆ ಕೂರಬೇಕು. ಬೆಲೆಯೂ ಹೆಚ್ಚು, ಸರದಿಯೂ ಉದ್ದ ಎಂಬ ಎರಡು ಕಷ್ಟಗಳನ್ನು ಒಟ್ಟಿಗೆ ಕಾಣಬೇಕಿದ್ದರೆ ಆರ್ಸೆನಲ್ ಇರುವ ಉತ್ತರ ಲಂಡನ್ನಿಗೆ ಹೋಗಬೇಕು.

ಒಂದೆರಡು ಪಂದ್ಯ ಮಾತ್ರ ನೋಡಬೇಕೆನ್ನುವವರಿಗೆ ದಾರಿ ಕ್ಲಬ್ ಸದಸ್ಯತ್ವ. ವರ್ಷಕ್ಕೆ ಮೂವತ್ತು ನಲವತ್ತು ಪೌಂಡ್ ಕೊಟ್ಟರೆ ಟಿಕೆಟ್ಟಿನ ಲಾಟರಿಯಲ್ಲಿ ಹೆಸರು ಹಾಕುವ ಹಕ್ಕು ಸಿಗುತ್ತದೆ. ಟಿಕೆಟ್ ಸಿಗುವ ಭರವಸೆ ಅದರಲ್ಲಿಲ್ಲ. ಲಾಟರಿಯಲ್ಲಿ ಬರದಿದ್ದರೆ ಕ್ಲಬ್ಬಿನದೇ ಅಧಿಕೃತ ಮರುಮಾರಾಟದ ಪುಟವನ್ನು ಪಂದ್ಯದ ವಾರದಲ್ಲಿ ಮತ್ತೆ ಮತ್ತೆ ತೆರೆದು ನೋಡುತ್ತಿರಬೇಕು. ಆ ಶನಿವಾರ ಬರಲಾಗದ ಸೀಸನ್ ಟಿಕೆಟ್‌ದಾರರು ತಮ್ಮ ಕುರ್ಚಿಯನ್ನು ಅಲ್ಲಿಗೆ ಬಿಡುತ್ತಾರೆ. ನನಗೆ ಒಳ್ಳೆಯ ಟಿಕೆಟ್ಟುಗಳು ಸಿಕ್ಕಿರುವುದು ಹೆಚ್ಚಾಗಿ ಗುರುವಾರ ಶುಕ್ರವಾರಗಳ ರಾತ್ರಿ, ಅದೂ ಒಂದೊಂದೇ ಕುರ್ಚಿಯಾಗಿ. ಇಬ್ಬರು ಪಕ್ಕಪಕ್ಕ ಕೂರಬೇಕೆಂಬ ಹಟ ಬಿಟ್ಟರೆ ಅವಕಾಶ ಬಹಳ ಹೆಚ್ಚುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಅಕ್ಕನ ಮಗ ಹುಬ್ಬಳ್ಳಿಯಿಂದ ಓದಲು ಬಂದ ಮೊದಲ ವರ್ಷ, ಅವನಿಗೊಂದು ದೊಡ್ಡ ಪಂದ್ಯ ತೋರಿಸುವ ಉತ್ಸಾಹದಲ್ಲಿ, ಮರುಮಾರಾಟದ ಜಾಲತಾಣವೊಂದರಲ್ಲಿ ಒಂದಕ್ಕೆ 140 ಪೌಂಡಿನಂತೆ ಎರಡು ಟಿಕೆಟ್ ಕೊಂಡೆ. ಮುಖಬೆಲೆ 55 ಪೌಂಡ್. ಪಂದ್ಯ ಶುರುವಾಗಲು ಎರಡು ಗಂಟೆ ಇರುವಾಗ ಟಿಕೆಟ್ಟುಗಳು ಫೋನಿಗೆ ಬಂದವು. ಬಾಗಿಲಲ್ಲಿ ಅವನ ಫೋನು ತಾಗಿಸಿದರೆ ಹಸಿರು ದೀಪ, ನನ್ನದು ತಾಗಿಸಿದರೆ ಬೇರೆಯೇ ಬಣ್ಣ. ಹಳದಿ ಕೋಟಿನ ಸಿಬ್ಬಂದಿ ತನ್ನ ಪರದೆ ನೋಡಿ, ನಂತರ ನನ್ನ ನರೆತ ಗಡ್ಡವನ್ನು ನೋಡಿ, ನಿಮಗೆ ಹದಿನಾರು ವರ್ಷ ಆಗಿಲ್ಲವೇ ಎಂದು ಬಹಳ ಸಮಾಧಾನದಿಂದ ಕೇಳಿದ. ಅದು ಯಾರದೋ ಮಗುವಿನ ಸದಸ್ಯತ್ವದ ಮೇಲೆ ಕೊಂಡ ರಿಯಾಯಿತಿ ಟಿಕೆಟ್. ಹುಡುಗ ಒಳಗೆ ಹೋದ, ನಾನು ರಸ್ತೆಯಾಚೆಯ ಚಹಾದಂಗಡಿಯಲ್ಲಿ ಕುಳಿತು ಗದ್ದಲವನ್ನಷ್ಟೇ ಕೇಳಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರ ಕಾನೂನಿನ ಪ್ರಕಾರ ಅಪರಾಧ ಎಂಬುದನ್ನು ನಾನು ತಿಳಿದುಕೊಂಡದ್ದು ಆಮೇಲೆ. ಸಂಗೀತ ಕಛೇರಿಯ ಟಿಕೆಟ್ಟಿಗೆ ಅನ್ವಯಿಸದ ಈ ನಿಯಮ ಫುಟ್‌ಬಾಲಿಗೆ ಮಾತ್ರ ಇದೆ. ಹಾಗಾಗಿ ಎರಡು ಪಟ್ಟು ಮೂರು ಪಟ್ಟು ಬೆಲೆ ಕೊಡುವ ಶಕ್ತಿ ಇದ್ದವರೂ ಆ ಹಣವನ್ನು ಬ್ಲ್ಯಾಕ್ ಮಾರುಕಟ್ಟೆಗೆ ಸುರಿಯುವ ಬದಲು ಕ್ಲಬ್ಬಿನದೇ ಊಟ ಸಮೇತದ ಹಾಸ್ಪಿಟಾಲಿಟಿ ಟಿಕೆಟ್ ಕೊಳ್ಳುವುದು ಮೇಲು. ಅದು ದುಬಾರಿ, ನೂರಾರು ಪೌಂಡ್ ಆಗುತ್ತದೆ, ಆದರೆ ಬಾಗಿಲು ತೆರೆಯುತ್ತದೆ.

ಹೊರ ಊರಿನ ಪಂದ್ಯಗಳ ವಿಚಾರ ಬೇರೆ. ಇಪ್ಪತ್ತು ಪೌಂಡ್ ಸಾಕು ಎಂಬ ಘೋಷಣೆಯೊಂದಿಗೆ 2013ರಲ್ಲಿ ಅಭಿಮಾನಿ ಸಂಘಟನೆಗಳು ನಡೆಸಿದ ಚಳವಳಿಯ ಫಲವಾಗಿ 2016–17ರಿಂದ ಪ್ರೀಮಿಯರ್ ಲೀಗಿನಲ್ಲಿ ಪ್ರವಾಸಿ ತಂಡದ ಅಭಿಮಾನಿಗಳಿಗೆ 30 ಪೌಂಡಿನ ಮಿತಿ ಬಂತು. ಎದುರಿನ ಗ್ಯಾಲರಿಯಲ್ಲಿ ಎಂಬತ್ತು ಪೌಂಡ್ ಕೊಟ್ಟವರು ಕೂತಿರುವಾಗ ಮೂಲೆಯಲ್ಲಿ ಮೂವತ್ತಕ್ಕೆ ನಿಂತವರು ಗಂಟಲು ಹರಿಯುವಂತೆ ಹಾಡುತ್ತಿರುತ್ತಾರೆ. ಇಡೀ ಲೀಗಿನಲ್ಲಿ ಕೊಟ್ಟ ಹಣಕ್ಕೆ ಅತ್ಯುತ್ತಮ ಅನುಭವ ಇದೇ ಎಂದು ನನ್ನ ತೀರ್ಮಾನ. ಆದರೆ ಪ್ರವಾಸಿ ತಂಡದ ಪಾಲು ಹೆಚ್ಚೆಂದರೆ 3,000 ಟಿಕೆಟ್, ಅವು ಹಂಚಿಕೆಯಾಗುವುದು ಹಿಂದೆ ಎಷ್ಟು ಹೊರ ಊರಿನ ಪಂದ್ಯಗಳಿಗೆ ಹೋಗಿದ್ದೀರಿ ಎಂಬ ಅಂಕಗಳ ಮೇಲೆ. ಹೋಗದೆ ಅಂಕ ಬಾರದು, ಅಂಕವಿಲ್ಲದೆ ಹೋಗಲಾಗದು. ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಕಥೆ ಇದು.

ಅದೇ ದೇಶದ ಕೆಳಗಿನ ಮೆಟ್ಟಿಲುಗಳು

ಇಂಗ್ಲೆಂಡಿಗೆ ಬರುವ ನಮ್ಮವರು ಸಾಮಾನ್ಯವಾಗಿ ಐದಾರು ಕ್ಲಬ್ಬುಗಳ ಹೆಸರು ಹಿಡಿದು ಬರುತ್ತಾರೆ, ಟಿಕೆಟ್ ಸಿಗದೆ ಮೈದಾನದ ಅಂಗಡಿಯಲ್ಲಿ ಜರ್ಸಿ ಕೊಂಡು, ಖಾಲಿ ಕುರ್ಚಿಗಳ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅವರಿಗೆ ನನ್ನ ಸಲಹೆ ಬ್ರ್ಯಾಡ್‌ಫರ್ಡ್‌ನಂಥ ಊರು. ಬ್ರ್ಯಾಡ್‌ಫರ್ಡ್ ಸಿಟಿ 2015ರಲ್ಲಿ ಸೀಸನ್ ಟಿಕೆಟ್ಟನ್ನು 149 ಪೌಂಡಿಗೆ ಇಳಿಸಿತು. ಆ ದರ್ಜೆಯಲ್ಲಿ ತವರಿನ ಪಂದ್ಯಗಳು 23, ಅಂದರೆ ಪಂದ್ಯಕ್ಕೆ ಆರೂವರೆ ಪೌಂಡ್, ನಮ್ಮ ಲೆಕ್ಕದಲ್ಲಿ 750 ರೂಪಾಯಿಗೂ ಕಡಿಮೆ. ಮೂರನೆಯ ದರ್ಜೆಯಲ್ಲಿ ಆಡುತ್ತಿದ್ದ ಕ್ಲಬ್ಬೊಂದು ಹದಿನೆಂಟು ಸಾವಿರದಷ್ಟು ಸೀಸನ್ ಟಿಕೆಟ್ ಮಾರಿತು. ಬೆಲೆ ಇಳಿಸಿದರೆ ಕ್ಲಬ್ ಮುಳುಗುತ್ತದೆ ಎನ್ನುವವರಿಗೆ ವ್ಯಾಲಿ ಪರೇಡ್ ಮೈದಾನದ ತುಂಬಿದ ಗ್ಯಾಲರಿಗಳೇ ಉತ್ತರ. ಹಡರ್ಸ್‌ಫೀಲ್ಡ್ ಟೌನ್ 2017ರಲ್ಲಿ ಪ್ರೀಮಿಯರ್ ಲೀಗಿಗೆ ಏರಿದಾಗ, ಕಷ್ಟಕಾಲದಲ್ಲಿ ಜೊತೆಗಿದ್ದ ಹಳೆಯ ಅಭಿಮಾನಿಗಳಿಗೆ 100 ಪೌಂಡಿಗೆ ಸೀಸನ್ ಟಿಕೆಟ್ ಕೊಟ್ಟಿತು.

ಇನ್ನೂ ಕೆಳಗಿಳಿದರೆ, ಮ್ಯಾಂಚೆಸ್ಟರಿನ ಮಾಸ್ಟನ್ ಬಡಾವಣೆಯಲ್ಲಿ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಇದೆ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಕೊಂಡಾಗ ಮುನಿಸಿಕೊಂಡ ಅಭಿಮಾನಿಗಳು ತಾವೇ ಕಟ್ಟಿದ ಕ್ಲಬ್ ಇದು. 2015ರಲ್ಲಿ ತಮ್ಮದೇ ಮೈದಾನವನ್ನೂ ಕಟ್ಟಿಕೊಂಡರು. ಒಂದು ಕನಿಷ್ಠ ಮೊತ್ತದ ಮೇಲೆ ನಿಮ್ಮ ಶಕ್ತಿಗೆ ತಕ್ಕಷ್ಟು ಕೊಟ್ಟು ಸೀಸನ್ ಟಿಕೆಟ್ ಪಡೆಯುವ ಪದ್ಧತಿಯನ್ನು ಅವರು ನಡೆಸಿಕೊಂಡು ಬಂದಿದ್ದಾರೆ. ಆಟದ ಮಟ್ಟ ಟಿವಿಯಲ್ಲಿ ನೋಡಿದ್ದಕ್ಕೆ ಹೋಲುವುದಿಲ್ಲ, ಚೆಂಡು ಆಕಾಶದಲ್ಲೇ ಹೆಚ್ಚು ಹೊತ್ತು ಇರುತ್ತದೆ. ಆದರೆ ಗೋಲಿನ ಹಿಂದಿನ ಕಂಬಿಗೆ ಒರಗಿ ನಿಂತು, ಗೋಲ್‌ಕೀಪರ್ ತನ್ನ ಹುಡುಗರನ್ನು ಬಯ್ಯುವುದನ್ನು ಅಕ್ಷರಶಃ ಕೇಳುವ ಸುಖ ದೊಡ್ಡ ಮೈದಾನದಲ್ಲಿ ಯಾವ ಬೆಲೆಗೂ ಸಿಗುವುದಿಲ್ಲ.

ಮಹಿಳೆಯರ ಸೂಪರ್ ಲೀಗನ್ನು ಚಿಕ್ಕ ಮಕ್ಕಳಿರುವ ಮನೆಯವರು ಮೊದಲು ಪರಿಗಣಿಸಬೇಕು. ಆರ್ಸೆನಲ್ ಮಹಿಳಾ ತಂಡವು ಪುರುಷರು ಆಡುವ ಎಮಿರೇಟ್ಸ್ ಮೈದಾನದಲ್ಲಿಯೇ ಆಡುತ್ತದೆ; ಪುರುಷರ ಒಂದು ಪಂದ್ಯದ ಒಂದು ಕುರ್ಚಿಯ ಬೆಲೆಯಲ್ಲಿ ಇಡೀ ಮನೆಯವರು ಆ ಮೈದಾನದಲ್ಲಿ ಕುಳಿತು ಆಟ ನೋಡಬಹುದು. ಲಾಟರಿಯ ಗೋಜೂ ಸಾಮಾನ್ಯವಾಗಿ ಇರುವುದಿಲ್ಲ. ಪುರುಷರ ಎರಡನೆಯ ದರ್ಜೆಯಾದ ಚಾಂಪಿಯನ್‌ಷಿಪ್ ಬಗ್ಗೆ ಒಂದೇ ಎಚ್ಚರಿಕೆ: ಹೊರ ಊರಿನ ಅಭಿಮಾನಿಗಳಿಗೆ 30 ಪೌಂಡಿನ ಮಿತಿ ಅಲ್ಲಿ ಇಲ್ಲ. ಪ್ರೀಮಿಯರ್ ಲೀಗಿನಿಂದ ಕೆಳಗಿಳಿದ ತಂಡದ ಹಿಂದೆ ಹೋಗುವವನು ಕೆಲವೊಮ್ಮೆ ಮೇಲಿದ್ದಾಗ ಕೊಟ್ಟದ್ದಕ್ಕಿಂತ ಹೆಚ್ಚು ಕೊಡಬೇಕಾಗಿ ಬರುತ್ತದೆ.

ಜರ್ಮನಿ

ಡಾರ್ಟ್‌ಮುಂಡ್ ಮೈದಾನದ ದಕ್ಷಿಣ ಗ್ಯಾಲರಿಯಲ್ಲಿ ಸುಮಾರು 25,000 ಜನ ನಿಂತು ಆಟ ನೋಡುತ್ತಾರೆ. ಒಮ್ಮೆ ಅಲ್ಲಿ ನಿಂತಿದ್ದೆ. ಗೋಲು ಬಿದ್ದಾಗ ಹಿಂದಿನಿಂದ ಯಾರದೋ ಬಿಯರ್ ತಲೆಯ ಮೇಲೆ ಸುರಿಯಿತು. ಸುರಿದವನೇ ತನ್ನ ಶಾಲಿನಿಂದ ನನ್ನ ಕನ್ನಡಕ ಒರೆಸಿಕೊಟ್ಟು, ಬಿದ್ದ ಪ್ಲಾಸ್ಟಿಕ್ ಲೋಟವನ್ನು ಜೋಪಾನವಾಗಿ ಎತ್ತಿಕೊಂಡ, ಏಕೆಂದರೆ ಅದನ್ನು ಮರಳಿಸಿದರೆ ಠೇವಣಿಯ ಹಣ ವಾಪಸು ಸಿಗುತ್ತದೆ. ಟಿಕೆಟ್ಟಿಗೆ ನಾನು ಕೊಟ್ಟದ್ದು ಇಪ್ಪತ್ತು ಯೂರೋಗಿಂತ ಕಡಿಮೆ, ಅದರಲ್ಲಿಯೇ ಆ ದಿನದ ಸ್ಥಳೀಯ ರೈಲು ಬಸ್ಸುಗಳ ಪ್ರಯಾಣವೂ ಸೇರಿತ್ತು. ಜರ್ಮನಿಯ ಅಗ್ರ ಲೀಗಾದ ಬುಂಡೆಸ್‌ಲೀಗಾದ ಬಹುತೇಕ ಕ್ಲಬ್ಬುಗಳಲ್ಲಿ ಹೀಗೆ ಟಿಕೆಟ್ಟೇ ಪ್ರಯಾಣದ ಪಾಸೂ ಆಗಿರುತ್ತದೆ. ಲಂಡನ್ನಿನಲ್ಲಿ ಆಟಕ್ಕೆ ಹೋಗಿಬರುವ ರೈಲಿಗೆ ಕೊಡುವ ಹಣವನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ.

ಇದಕ್ಕೆ ಕಾರಣ ಜರ್ಮನರ ಔದಾರ್ಯವಲ್ಲ, ಅಧಿಕಾರ ಯಾರ ಕೈಯಲ್ಲಿದೆ ಎಂಬುದು. ಅಲ್ಲಿನ 50+1 ನಿಯಮದ ಪ್ರಕಾರ, ಒಂದೆರಡು ವಿನಾಯಿತಿಗಳನ್ನು ಬಿಟ್ಟರೆ, ಕ್ಲಬ್ಬಿನ ಮತಗಳಲ್ಲಿ ಬಹುಮತ ಸದಸ್ಯರ ಬಳಿಯೇ ಇರಬೇಕು. ಸದಸ್ಯರೇ ಮತ ಹಾಕುವ ಕಡೆ ನಿಂತು ನೋಡುವವರ ಟಿಕೆಟ್ಟಿಗೆ ಕೈ ಹಚ್ಚುವ ಧೈರ್ಯ ಯಾವ ಅಧ್ಯಕ್ಷನಿಗೂ ಬರುವುದಿಲ್ಲ. ಬಯರ್ನ್ ಮ್ಯೂನಿಕ್‌ನ ನಿಂತು ನೋಡುವ ಸೀಸನ್ ಟಿಕೆಟ್ ಲೀಗಿನ 17 ತವರು ಪಂದ್ಯಗಳಿಗೆ 200 ಯೂರೋ ಒಳಗೇ ಉಳಿದುಕೊಂಡು ಬಂದಿದೆ, ಪಂದ್ಯಕ್ಕೆ ಹತ್ತು ಯೂರೋ ಆಸುಪಾಸು. ಆ ಕ್ಲಬ್ಬನ್ನು ದಶಕಗಳ ಕಾಲ ನಡೆಸಿದ ಉಲಿ ಹೋನೆಸ್ ಒಮ್ಮೆ ವಿವರಿಸಿದ ಲೆಕ್ಕ ಸರಳವಾಗಿತ್ತು: ಬೆಲೆಯನ್ನು ಮೂರು ಪಟ್ಟು ಮಾಡಿದರೂ ಬರುವ ಹೆಚ್ಚುವರಿ ಹಣ ಒಬ್ಬ ಆಟಗಾರನನ್ನು ಕೊಳ್ಳುವಾಗ ಐದು ನಿಮಿಷದ ಚೌಕಾಶಿಯಲ್ಲಿ ಕರಗುವಷ್ಟು, ಆದರೆ ಅಭಿಮಾನಿಗೆ ಆ ವ್ಯತ್ಯಾಸ ಬಹಳ ದೊಡ್ಡದು, ಅಭಿಮಾನಿಗಳು ಹಾಲು ಕರೆಯುವ ಹಸುಗಳಲ್ಲ.

ಇಷ್ಟು ಓದಿ ಮ್ಯೂನಿಕ್ಕಿಗೆ ಹೊರಡುವ ಮುನ್ನ ಸರದಿಯ ಉದ್ದವನ್ನೂ ನೋಡಬೇಕು. ಬಯರ್ನ್ ಸದಸ್ಯರ ಸಂಖ್ಯೆ ನಾಲ್ಕು ಲಕ್ಷ ದಾಟಿದೆ, ಮೈದಾನದಲ್ಲಿ ಜಾಗವಿರುವುದು 75,000 ಜನರಿಗೆ. ಡಾರ್ಟ್‌ಮುಂಡಿನಲ್ಲಿ 81,365 ಜಾಗಗಳ ಪೈಕಿ ಸುಮಾರು 55,000 ಸೀಸನ್ ಟಿಕೆಟ್ಟುಗಳಿಗೆ ಹೋಗುತ್ತವೆ, ಹತ್ತನೇ ಒಂದು ಭಾಗ ಪ್ರವಾಸಿ ತಂಡದ ಅಭಿಮಾನಿಗಳಿಗೆ ಮೀಸಲು. ಉಳಿದದ್ದಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಸದಸ್ಯರ ಪೈಪೋಟಿ. ಬರ್ಲಿನ್ನಿನ ಯುನಿಯನ್ ಕ್ಲಬ್ಬಿನ ಮೈದಾನ ಹಿಡಿಯುವುದೇ 22,012 ಜನರನ್ನು. ಅದರಲ್ಲಿ ಆಸನಗಳು ನಾಲ್ಕು ಸಾವಿರವೂ ಇಲ್ಲ, ಮಿಕ್ಕದ್ದೆಲ್ಲ ನಿಲ್ಲುವ ಜಾಗ. 2008–09ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಸ್ವತಃ ಸಿಮೆಂಟು ಕಲಸಿ ಆ ಮೈದಾನವನ್ನು ನವೀಕರಿಸಿದ್ದರಿಂದ, ಅಲ್ಲಿ ಟಿಕೆಟ್ಟಿಗಾಗಿ ಸದಸ್ಯರ ಹಿಂದೆ ನಿಲ್ಲಬೇಕಾಗಿ ಬಂದರೆ ಗೊಣಗುವ ಹಕ್ಕು ನಮಗಿಲ್ಲ. ಜರ್ಮನಿಯಲ್ಲಿ ಕೆಲಸಕ್ಕಿರುವ ಕನ್ನಡಿಗರು ದೊಡ್ಡ ಹೆಸರುಗಳ ಹಿಂದೆ ಬೀಳದೆ ತಮ್ಮ ಊರಿನ ಕ್ಲಬ್ಬಿಗೇ ಸದಸ್ಯರಾಗುವುದು ಜಾಣತನ. ಎರಡನೆಯ ದರ್ಜೆಯೂ ಕಡೆಗಣಿಸುವಂಥದ್ದಲ್ಲ. ಡ್ಯುಸೆಲ್‌ಡಾರ್ಫಿನ ಫಾರ್ಚುನಾ ಕ್ಲಬ್ 2023–24ರಲ್ಲಿ ಪ್ರಾಯೋಜಕರ ಹಣದಿಂದ ಕೆಲವು ಪಂದ್ಯಗಳನ್ನು ಎಲ್ಲರಿಗೂ ಉಚಿತ ಮಾಡಿತು. ಮೊದಲ ಉಚಿತ ಪಂದ್ಯದಲ್ಲಿ ಕೈಸರ್ಸ್‌ಲಾಟರ್ನ್ ವಿರುದ್ಧ 0–3ರಿಂದ ಹಿಂದಿದ್ದ ತಂಡ 4–3ರಿಂದ ಗೆದ್ದಿತು. ಉಚಿತವಾಗಿ ಸಿಕ್ಕದ್ದಕ್ಕೆ ಬೆಲೆಯಿಲ್ಲ ಎನ್ನುವವರು ಅಂದು ಆ ಮೈದಾನದಲ್ಲಿ ಇರಬೇಕಿತ್ತು.

ಇಟಲಿ, ಸ್ಪೇನ್, ಫ್ರಾನ್ಸ್

ಇಟಲಿಯಲ್ಲಿ ಗೋಲಿನ ಹಿಂದಿನ ಕುರ್ವಾ ಗ್ಯಾಲರಿ ಅಗ್ಗ, ಉದ್ದದ ಬದಿಯ ಆಸನಗಳು ಬಹಳ ದುಬಾರಿ, ನಡುವಿನ ಅಂತರ ಇಂಗ್ಲೆಂಡಿಗಿಂತ ಹೆಚ್ಚು. ಕುರ್ವಾದಲ್ಲಿ ಕಟ್ಟಾ ಅಭಿಮಾನಿ ಗುಂಪುಗಳ ಆಡಳಿತವಿರುತ್ತದೆ, ಕುರ್ಚಿಯ ಸಂಖ್ಯೆಗೆ ಅರ್ಥವಿರುವುದಿಲ್ಲ. ಮಕ್ಕಳಿದ್ದರೆ ಮಿಲಾನಿನ ಸಾನ್ ಸಿರೋದಂಥ ಕಡೆ ಮೇಲಿನ ಮೂರನೆಯ ಅಂತಸ್ತನ್ನು ಆರಿಸಿಕೊಳ್ಳಿ. ಆಟಗಾರರು ಇರುವೆಗಳಂತೆ ಕಂಡರೂ ತಂಡದ ಚಲನೆ ಇಡಿಯಾಗಿ ಕಾಣುತ್ತದೆ, ಬೆಲೆಯೂ ಹಿಡಿತದಲ್ಲಿರುತ್ತದೆ. ಅಲ್ಲಿನ ಟಿಕೆಟ್ಟಿನ ಮೇಲೆ ಹೆಸರು ಇರುತ್ತದೆ, ಬಾಗಿಲಲ್ಲಿ ಗುರುತಿನ ದಾಖಲೆ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿ ಕೂತಿರುವ ನಮ್ಮವರು ಟಿಕೆಟ್ ಕೊಳ್ಳುವಾಗ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಅಕ್ಷರ ತಪ್ಪದೆ ತುಂಬಬೇಕು.

ಸ್ಪೇನಿನಲ್ಲಿ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಕ್ಲಬ್ಬುಗಳ ಒಡೆತನ ಸದಸ್ಯರದ್ದೇ ಆದರೂ, ಜರ್ಮನಿಯಂತೆ ಹೊರಗಿನವರಿಗೆ ಅಗ್ಗವಾಗಿಲ್ಲ. ಸದಸ್ಯರಿಗೆ ಒಂದು ಬೆಲೆ, ಪ್ರವಾಸಿಗರಿಗೆ ಇನ್ನೊಂದು. ನಮ್ಮಂಥ ಪ್ರವಾಸಿಗರು ಕೊಡುವ ನೂರಾರು ಯೂರೋಗಳೇ ಆ ಲೆಕ್ಕವನ್ನು ಸರಿದೂಗಿಸುತ್ತವೆ. ಬರಲಾಗದ ಸದಸ್ಯರು ಬಿಟ್ಟುಕೊಟ್ಟ ಕುರ್ಚಿಯನ್ನು ಬಾರ್ಸಿಲೋನಾ ತಾನೇ ಮರುಮಾರಾಟ ಮಾಡುತ್ತದೆ, ಆದ್ದರಿಂದ ಪಂದ್ಯ ಹತ್ತಿರವಾದಂತೆ ಟಿಕೆಟ್ಟುಗಳು ಹೊರಬರುವುದುಂಟು. ಮ್ಯಾಡ್ರಿಡ್ಡಿಗೆ ಹೋದವರು ವಯ್ಯೆಕಾಸ್ ಬಡಾವಣೆಯ ರಾಯೊ ಕ್ಲಬ್ಬನ್ನೂ ನೆನಪಿಡಿ. ಬಹುಕಾಲ ಆನ್‌ಲೈನ್ ಮಾರಾಟವೇ ಇಲ್ಲದೆ, ಮೈದಾನದ ಕಿಟಕಿಯ ಮುಂದೆ ಜನ ಪಾಳಿ ಹಚ್ಚಿ ಟಿಕೆಟ್ ಕೊಳ್ಳುತ್ತಿದ್ದ ಕ್ಲಬ್ ಅದು, ಅದೂ ಸ್ಪೇನಿನ ಮೊದಲ ದರ್ಜೆಯಲ್ಲಿ.

ಫ್ರಾನ್ಸಿನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಟಿಕೆಟ್ಟುಗಳು ಲಂಡನ್ನಿಗೆ ಸರಿಸಮ. ಅಲ್ಲಿಂದ ಉತ್ತರಕ್ಕೆ ಹೋದರೆ ಲಾನ್ಸ್ ಎಂಬ ಹಳೆಯ ಕಲ್ಲಿದ್ದಲು ಗಣಿಯ ಊರಿದೆ. ಊರಿನ ಜನಸಂಖ್ಯೆಗಿಂತ ಮೈದಾನದ ಕುರ್ಚಿಗಳೇ ಹೆಚ್ಚು, ಮತ್ತು ಅವು ತುಂಬುತ್ತವೆ. ಫ್ರಾನ್ಸಿನ ಅತ್ಯುತ್ತಮ ಗ್ಯಾಲರಿ ಅದೇ ಎಂದು ಹೇಳುವವರು ಬಹಳ ಮಂದಿ ಇದ್ದಾರೆ, ನಾನೂ ಅವರ ಜೊತೆ.

ಯುರೋಪಿನ ರಾತ್ರಿಗಳು ಮತ್ತು ನಮ್ಮ ಪಾಸ್‌ಪೋರ್ಟು

ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಸೆಣಸುವ ಯುರೋಪಿನ ಮೂರು ಪಂದ್ಯಾವಳಿಗಳಲ್ಲಿ ಮೊದಲನೆಯದಾದ ಚಾಂಪಿಯನ್ಸ್ ಲೀಗಿನಲ್ಲಿ ಹೊರ ಊರಿನ ಅಭಿಮಾನಿಗಳಿಗೆ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎ ಮಿತಿ ಹಾಕಿದೆ: 2024–25ರಲ್ಲಿ 60 ಯೂರೋ, 2025–26ರಲ್ಲಿ 50 ಯೂರೋ. ಎರಡನೆಯದಾದ ಯುರೋಪಾ ಲೀಗಿನಲ್ಲಿ ಅದು 40ರಿಂದ 35ಕ್ಕೆ ಇಳಿಯಿತು, ಮೂರನೆಯದಾದ ಕಾನ್ಫರೆನ್ಸ್ ಲೀಗಿನಲ್ಲಿ 20ರಲ್ಲೇ ನಿಂತಿತು. ಹಾಗಾಗಿ ಕಾನ್ಫರೆನ್ಸ್ ಲೀಗಿಗೆ ಅರ್ಹತೆ ಪಡೆದ ತಂಡದ ಅಭಿಮಾನಿಯಾಗಿರುವುದೂ ಒಂದು ಭಾಗ್ಯವೇ. ಇದೇ ಸಂಸ್ಥೆ ಫೈನಲ್ ಬಂದಾಗ ಬೇರೆ ಮುಖ ತೋರಿಸುತ್ತದೆ. 2025ರ ಮೇ 31ರಂದು ಮ್ಯೂನಿಕ್ಕಿನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಇಂಟರ್ ತಂಡವನ್ನು 5–0ಯಿಂದ ಸೋಲಿಸಿದ ಫೈನಲ್ ಪಂದ್ಯದ ಟಿಕೆಟ್ಟುಗಳು 90 ಯೂರೋದಲ್ಲಿ ಶುರುವಾಗಿ 950 ಯೂರೋ ತನಕ ಹೋದವು. 90 ಯೂರೋದಂಥ ಅಗ್ಗದ ಟಿಕೆಟ್ ಲಾಟರಿಯಲ್ಲಿ ಬಂದರೆ ಹೋಗಿ, ಬಾರದಿದ್ದರೆ ಮನೆಯಲ್ಲೇ ನೋಡಿ ಎಂದಷ್ಟೇ ಹೇಳಬಲ್ಲೆ.

ಇಂಗ್ಲೆಂಡಿನವರು ಅಗ್ಗದ ವಿಮಾನ ಹತ್ತಿ ಡಾರ್ಟ್‌ಮುಂಡಿಗೆ ಹೋಗಿ, ನಿಂತು ಆಟ ನೋಡಿ, ಒಂದು ರಾತ್ರಿ ತಂಗಿ ಬಂದರೂ ಲಂಡನ್ನಿನ ಒಂದು ದುಬಾರಿ ಟಿಕೆಟ್ಟಿಗಿಂತ ಬಹಳ ಹೆಚ್ಚೇನೂ ಆಗುವುದಿಲ್ಲ ಎಂಬ ಮಾತು ಅಲ್ಲಿ ಪದೇ ಪದೇ ಕೇಳಿಬರುತ್ತದೆ, ಹಾಗೆ ಪ್ರತಿ ಪಂದ್ಯಕ್ಕೂ ನೂರಾರು ಜನ ಹೋಗುತ್ತಾರೆ. ಅದೇ ಲೆಕ್ಕ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಹೊಂದುವುದಿಲ್ಲ. ಜರ್ಮನಿ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಶುಲ್ಕವೇ 2024ರ ಜೂನ್‌ನಿಂದ 90 ಯೂರೋ ಆಗಿದೆ; ಅರ್ಜಿ ಕೇಂದ್ರದ ಶುಲ್ಕ, ವಿಮೆ, ಒಂದು ದಿನದ ರಜೆ ಬೇರೆ. ಹದಿನೆಂಟು ಯೂರೋದ ಟಿಕೆಟ್ಟಿಗೆ ಅದರ ಐದು ಪಟ್ಟು ವೀಸಾ ಎಂದಾಗ ಅಗ್ಗದ ಜರ್ಮನಿ ಅಗ್ಗವಾಗಿ ಉಳಿಯುವುದಿಲ್ಲ. ಅದನ್ನು ಹಗುರ ಮಾಡುವ ದಾರಿಯೆಂದರೆ ಒಂದೇ ವೀಸಾದಲ್ಲಿ ಮೂರ್ನಾಲ್ಕು ಪಂದ್ಯಗಳನ್ನು ಸೇರಿಸುವುದು. ಶುಕ್ರವಾರದಿಂದ ಭಾನುವಾರದವರೆಗೆ ಹಂಚಿಕೊಂಡು ನಡೆಯುವ ಬುಂಡೆಸ್‌ಲೀಗಾದಲ್ಲಿ, ರೂರ್ ಮತ್ತು ರೈನ್ ಸೀಮೆಯ ಊರುಗಳು ಒಂದಕ್ಕೊಂದು ರೈಲಿನಲ್ಲಿ ಗಂಟೆ ಒಂದೂವರೆ ಗಂಟೆಯ ದೂರದಲ್ಲಿರುವುದರಿಂದ, ಎರಡು ದರ್ಜೆಗಳನ್ನು ಸೇರಿಸಿ ನೋಡಿದರೆ ಒಂದು ವಾರಾಂತ್ಯದಲ್ಲಿ ಮೂರು ಪಂದ್ಯ ಸಾಧ್ಯ.

ಹೀಗಾಗಿ ಬ್ರಿಟನ್ನಿನಲ್ಲಿ ವಾಸವಿರುವ ಕುಟುಂಬಕ್ಕೆ ನಾನು ಹೇಳುವುದು ಮಹಿಳಾ ಲೀಗು ಮತ್ತು ಊರಿನ ಕೆಳದರ್ಜೆಯ ಕ್ಲಬ್ಬಿನ ಸೀಸನ್ ಟಿಕೆಟ್, ವರ್ಷಕ್ಕೊಮ್ಮೆ ಅಧಿಕೃತ ಮರುಮಾರಾಟದಿಂದ ಒಂದು ದೊಡ್ಡ ಪಂದ್ಯ. ಷೆಂಗೆನ್ ದೇಶಗಳಲ್ಲಿ ವಾಸದ ಪರವಾನಗಿ ಇರುವವರಿಗೆ ವೀಸಾದ ತೊಡಕಿಲ್ಲ, ಅವರಿಗೆ ಜರ್ಮನಿಯನ್ನು ಮೀರಿದ್ದು ಇಲ್ಲ. ಬೆಂಗಳೂರಿನಿಂದ ಹತ್ತು ದಿನದ ರಜೆಗೆ ಬ್ರಿಟನ್ನಿಗೆ ಬರುವವರು, ಆನ್‌ಫೀಲ್ಡೋ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಓಲ್ಡ್ ಟ್ರಾಫರ್ಡೋ ನೋಡಲೇಬೇಕೆಂಬ ಆಸೆಯಿದ್ದರೆ, ಬರುವ ಋತು ಶುರುವಾಗುವ ಮೊದಲೇ ಸದಸ್ಯತ್ವ ತೆಗೆದುಕೊಂಡು ಲಾಟರಿಗೆ ಹೆಸರು ಹಾಕಬೇಕು.

ಮತ್ತು ಪಂದ್ಯದ ದಿನ ಖಚಿತವಾಗುವ ಮೊದಲು ಬದಲಿಸಲಾಗದ ರೈಲು, ವಿಮಾನದ ಟಿಕೆಟ್ ಕೊಳ್ಳಬಾರದು. ಋತುವಿನ ಆರಂಭದಲ್ಲಿ ಪ್ರಕಟವಾಗುವ ಪಟ್ಟಿಯಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆ ಎಂದು ಕಂಡದ್ದನ್ನು ಟಿವಿಯವರು ಭಾನುವಾರಕ್ಕೋ ಸೋಮವಾರ ರಾತ್ರಿಗೋ ಎತ್ತಿಡುತ್ತಾರೆ, ಸ್ಪೇನಿನಲ್ಲಿ ಈ ಬದಲಾವಣೆ ಇನ್ನೂ ತಡವಾಗಿ ತಿಳಿಯುತ್ತದೆ. ಹಾಗೆ ಬದಲಾದಾಗ ಟಿಕೆಟ್ಟಿನ ಹಣ ಕೆಲವು ಕ್ಲಬ್ಬುಗಳು ಹಿಂದಿರುಗಿಸುತ್ತವೆ, ರೈಲಿನವರು ಮತ್ತು ವಿಮಾನದವರು ಹಿಂದಿರುಗಿಸುವುದಿಲ್ಲ.